ಕಿರುಗಾಯದ ಹೃದಯಕವಾಟ ಶಸ್ತ್ರಚಿಕಿತ್ಸೆ: ವಿರಳ ತೊಡಕುಗಳು

ಎದೆಮೂಳೆಯನ್ನು ಉದ್ದಕ್ಕೂ ಸೀಳದೆ, ಪಕ್ಕೆಲುಬುಗಳ ನಡುವಿನ ಸಣ್ಣ ಕೊಯ್ತದಿಂದಲೋ ಎದೆಮೂಳೆಯ ಮೇಲ್ಭಾಗವನ್ನಷ್ಟೇ ತೆರೆದೋ ಹೃದಯದ ಕವಾಟವನ್ನು ಸರಿಪಡಿಸುವ ಇಲ್ಲವೆ ಬದಲಿಸುವ ಚಿಕಿತ್ಸೆಗೆ ಕಿರುಗಾಯದ ಕವಾಟ ಶಸ್ತ್ರಚಿಕಿತ್ಸೆ ಎಂದು ಹೆಸರು. ಆಡುಮಾತಿನಲ್ಲಿ ಇದು 'ಕೀಹೋಲ್ ಆಪರೇಷನ್'. ರಕ್ತನಾಳದ ಮೂಲಕ ಬಲೂನು ಅಥವಾ ಮಡಚಿದ ಕವಾಟವನ್ನು ಹೃದಯಕ್ಕೆ ಒಯ್ಯುವ ಕ್ಯಾತಿಟರ್ ಚಿಕಿತ್ಸೆಗಳನ್ನೂ ವಿಶಾಲಾರ್ಥದಲ್ಲಿ ಇದೇ ಗುಂಪಿಗೆ ಸೇರಿಸುತ್ತಾರೆ. ನೋವು ಕಡಿಮೆ, ಆಸ್ಪತ್ರೆಯ ವಾಸ ಕಡಿಮೆ, ಕೆಲಸಕ್ಕೆ ಮರಳುವುದು ಬೇಗ. ಆದರೆ ಕೊಯ್ತ ಕಿರಿದಾದ ಮಾತ್ರಕ್ಕೆ ಅಪಾಯವೂ ಅದೇ ಪ್ರಮಾಣದಲ್ಲಿ ಕಿರಿದಾಗುವುದಿಲ್ಲ. ಅದರ ಒಂದು ಪಾಲು ಜಾಗ ಬದಲಿಸಿ ತೊಡೆಸಂದು, ಕಾಲು, ಬಲ ಶ್ವಾಸಕೋಶ, ವಪೆಯ ನರಗಳ ಕಡೆ ಹೋಗುತ್ತದೆ. ಕೆಲವು ತೊಡಕುಗಳು ರೋಗಿ ಊರು ಸೇರಿದ ಮೇಲೆ ಕಾಣಿಸಿಕೊಳ್ಳುತ್ತವೆ. ಹಾಗಾಗಿ ಇವು ಶಸ್ತ್ರವೈದ್ಯರಷ್ಟೇ ಊರಿನ ವೈದ್ಯರೂ ಮನೆಯವರೂ ತಿಳಿದಿರಬೇಕಾದ ಸಂಗತಿಗಳು.

ವಿಧಾನ

ರೂಢಿಯ ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಎದೆಯ ನಡುವೆ 20ರಿಂದ 25 ಸೆಂ.ಮೀ. ಕೊಯ್ದು ಎದೆಮೂಳೆಯನ್ನು ಗರಗಸದಿಂದ ಎರಡು ಮಾಡುತ್ತಾರೆ. ಮೂಳೆ ಕೂಡಿಕೊಳ್ಳಲು 6ರಿಂದ 8 ವಾರ ಬೇಕು. ಕಿರುಗಾಯದ ವಿಧಾನದಲ್ಲಿ ಎಡ ಹೃತ್ಕರ್ಣ–ಹೃತ್ಕುಕ್ಷಿಗಳ ನಡುವಿನ ಮೈಟ್ರಲ್ ಕವಾಟಕ್ಕೆ ಸಾಮಾನ್ಯವಾಗಿ ಬಲ ಎದೆಯ 4ನೆಯ ಪಕ್ಕೆಲುಬು ಸಂದಿನಿಂದ 4ರಿಂದ 8 ಸೆಂ.ಮೀ. ಕೊಯ್ತದ ದಾರಿ. ಹೆಂಗಸರಲ್ಲಿ ಇದನ್ನು ಸ್ತನದ ಕೆಳಮಡಿಕೆಯಲ್ಲಿ ಮರೆಮಾಡುತ್ತಾರೆ. ಮಹಾಪಧಮನಿ ಕವಾಟಕ್ಕಾದರೆ ಎದೆಮೂಳೆಯ ಮೇಲಿನ ಅರ್ಧವನ್ನು ತೆರೆಯುವುದುಂಟು, ಬಲಗಡೆಯ 2ನೆಯ ಇಲ್ಲವೆ 3ನೆಯ ಸಂದಿನಿಂದ ಹೋಗುವುದೂ ಉಂಟು.

ಇಷ್ಟು ಕಿರಿದಾದ ದಾರಿಯಲ್ಲಿ, ಆಪರೇಷನ್ ವೇಳೆ ಹೃದಯ, ಶ್ವಾಸಕೋಶಗಳ ಕೆಲಸ ಮಾಡುವ ಹಾರ್ಟ್–ಲಂಗ್ ಯಂತ್ರದ ಕೊಳವೆಗಳಿಗೆ ಜಾಗವಿಲ್ಲ. ಅವನ್ನು ತೊಡೆಸಂದಿನ ಅಪಧಮನಿ, ಅಭಿಧಮನಿಗಳ ಮೂಲಕ ಜೋಡಿಸುತ್ತಾರೆ. ಬಲ ಶ್ವಾಸಕೋಶಕ್ಕೆ ಗಾಳಿ ನಿಲ್ಲಿಸಿ, ಅದನ್ನು ಕುಗ್ಗಿಸಿ ಹೃದಯಕ್ಕೆ ದಾರಿ ಮಾಡುತ್ತಾರೆ. ಮಹಾಪಧಮನಿಯನ್ನು ಉದ್ದನೆಯ ಚಿಮುಟದಿಂದ ಹೊರಗಿನಿಂದ ಅಥವಾ ಬಲೂನಿನಿಂದ ಒಳಗಿನಿಂದ ಮುಚ್ಚುತ್ತಾರೆ. ಹೃದಯವನ್ನು ಕೈಯಲ್ಲಿ ಹಿಡಿಯಲಾಗದ ಕಾರಣ ಕ್ಯಾಮೆರಾ, ನೀಳ ಉಪಕರಣಗಳು ಮತ್ತು ಅನ್ನನಾಳದೊಳಗಿಂದ ನೋಡುವ ಎಕೋ ಇವೇ ಶಸ್ತ್ರವೈದ್ಯನ ಕಣ್ಣು, ಕೈ. ಮುಂದೆ ವಿವರಿಸುವ ಬಹುಪಾಲು ತೊಡಕುಗಳ ಮೂಲ ಈ ಏರ್ಪಾಡುಗಳಲ್ಲೇ ಇದೆ.

ಚರಿತ್ರೆ

ಹೃದಯವನ್ನು ಪೂರ್ತಿ ತೆರೆಯದೆ ಕವಾಟ ಬಿಡಿಸುವ ಯತ್ನ ತೆರೆದ ಶಸ್ತ್ರಚಿಕಿತ್ಸೆಗಿಂತ ಹಳೆಯದು. ಬಾಸ್ಟನ್ನಿನಲ್ಲಿ ಎಲಿಯಟ್ ಕಟ್ಲರ್ 1923ರಲ್ಲಿ, ಲಂಡನ್ನಿನಲ್ಲಿ ಹೆನ್ರಿ ಸೌಟರ್ 1925ರಲ್ಲಿ ಮಿಡಿಯುವ ಹೃದಯದ ಮೈಟ್ರಲ್ ಕವಾಟಕ್ಕೆ ಕೈಹಾಕಿದರು. ಸೌಟರ್ ಬಳಸಿದ್ದು ತನ್ನ ಬೆರಳನ್ನು. 1948ರಲ್ಲಿ ಚಾರ್ಲ್ಸ್ ಬೇಲಿ, ಡ್ವೈಟ್ ಹಾರ್ಕನ್ ಮುಂತಾದವರ ಯಶಸ್ಸಿನಿಂದ ಈ 'ಮುಚ್ಚಿದ' ಶಸ್ತ್ರಚಿಕಿತ್ಸೆ ರೂಢಿಗೆ ಬಂತು. ಕೋಲಾರ, ಮುಳಬಾಗಿಲು ಕಡೆಯವರು ಇಂದಿಗೂ ಹೆದ್ದಾರಿ ಹಿಡಿದು ಹೋಗುವ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಇದರ ದೊಡ್ಡ ಕೇಂದ್ರವಾಗಿತ್ತು. ಅಲ್ಲಿನ ಸ್ಟ್ಯಾನ್ಲಿ ಜಾನ್ ಮತ್ತು ಸಂಗಡಿಗರು 1983ರಲ್ಲಿ ಒಟ್ಟು 3,724 ರೋಗಿಗಳ ಫಲಿತಾಂಶ ಪ್ರಕಟಿಸಿದರು.

ಜಪಾನಿನ ಕಾಂಜಿ ಇನೊವೆ 1982ರಲ್ಲಿ ಬಲೂನಿನಿಂದ ಮೈಟ್ರಲ್ ಕವಾಟ ಹಿಗ್ಗಿಸಿದ ಮೇಲೆ ಮುಚ್ಚಿದ ಶಸ್ತ್ರಚಿಕಿತ್ಸೆ ಹಿಂದೆ ಸರಿಯಿತು. ಫ್ರಾನ್ಸಿನ ಅಲೆನ್ ಕಾರ್ಪೆಂಟಿಯೆ 1996ರಲ್ಲಿ ವಿಡಿಯೊ ನೆರವಿನಿಂದ, 1998ರಲ್ಲಿ ರೋಬೊ ನೆರವಿನಿಂದ ಮೈಟ್ರಲ್ ಕವಾಟ ಸರಿಪಡಿಸಿದರು. 2002ರಲ್ಲಿ ರೂಆನ್ ನಗರದಲ್ಲಿ ಅಲೆನ್ ಕ್ರಿಬಿಯೆ ಎದೆ ತೆರೆಯದೆಯೇ ಮಹಾಪಧಮನಿ ಕವಾಟ ಕೂರಿಸಿದರು. ಕಿರುಗಾಯದ ಮೈಟ್ರಲ್ ರಿಪೇರಿಯನ್ನು ರೂಢಿಯ ವಿಧಾನದೊಡನೆ ತೂಗಿದ ಬ್ರಿಟನ್ನಿನ ಅಧ್ಯಯನವೊಂದು 330 ರೋಗಿಗಳನ್ನು ಒಳಗೊಂಡು 2023ರಲ್ಲಿ ಪ್ರಕಟವಾಯಿತು. 12 ವಾರಗಳ ಹೊತ್ತಿಗೆ ಎರಡೂ ಗುಂಪಿನ ದೈಹಿಕ ಚೇತರಿಕೆ ಹೆಚ್ಚುಕಡಿಮೆ ಸಮ. ಸುರಕ್ಷತೆಯಲ್ಲೂ ದೊಡ್ಡ ವ್ಯತ್ಯಾಸವಿರಲಿಲ್ಲ. ಕಿರುಗಾಯದವರು ಬೇಗ ಮನೆಗೆ ಹೋದರು.

ಕೋಲಾರ ಸೀಮೆ

ಪಾಶ್ಚಾತ್ಯ ದೇಶಗಳಲ್ಲಿ ಕವಾಟದ ಕಾಯಿಲೆ ಬಹುಮಟ್ಟಿಗೆ ಮುಪ್ಪಿನದು. ನಮ್ಮಲ್ಲಿ ಅದರ ದೊಡ್ಡ ಕಾರಣ ರುಮ್ಯಾಟಿಕ್ ಜ್ವರ. ಬಾಲ್ಯದಲ್ಲಿ ಸ್ಟ್ರೆಪ್ಟೊಕಾಕಸ್ ಸೋಂಕಿನಿಂದ ಗಂಟಲುನೋವು, ಕೆಲ ವಾರಗಳ ಮೇಲೆ ಕೀಲುನೋವು ಬಂದು ಹೋಗುತ್ತವೆ. ಹತ್ತಾರು ವರ್ಷಗಳ ನಂತರ ಮೈಟ್ರಲ್ ಕವಾಟ ಕಿರಿದಾಗಿರುವುದು ತಿಳಿಯುತ್ತದೆ. ಎಷ್ಟೋ ಹೆಣ್ಣುಮಕ್ಕಳಲ್ಲಿ ಇದು ಗೊತ್ತಾಗುವುದು ಬಸಿರಿನಲ್ಲಿ ಏದುಸಿರು ಬಂದಾಗ. ಹೀಗಾಗಿ ನಮ್ಮ ಕವಾಟರೋಗಿ ಹೆಚ್ಚಾಗಿ ಕಿರಿಯ ವಯಸ್ಸಿನವರು, ದುಡಿಯುವವರು. ಶ್ವಾಸಕೋಶದ ರಕ್ತದೊತ್ತಡ ಆ ವೇಳೆಗಾಗಲೇ ಏರಿರುತ್ತದೆ. ಈ ವ್ಯತ್ಯಾಸ ತೊಡಕುಗಳ ಸ್ವರೂಪವನ್ನೂ ಬದಲಿಸುತ್ತದೆ.

ಕೋಲಾರ ತಾಲ್ಲೂಕಿನ ಕ್ಯಾಲನೂರಿನಂಥ ಊರಿನವರಿಗೆ ಹತ್ತಿರದ ಹೃದಯ ಚಿಕಿತ್ಸೆಯ ನೆಲೆ ಟಮಕದ ಆರ್. ಎಲ್. ಜಾಲಪ್ಪ ಆಸ್ಪತ್ರೆ. 1986ರಲ್ಲಿ ಆರಂಭವಾದ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಈ ಆಸ್ಪತ್ರೆಯಲ್ಲಿ ನಾರಾಯಣ ಸಮೂಹದ ಸಹಯೋಗದ ಹೃದಯ ಕೇಂದ್ರವಿದೆ. ಸುಮಾರು 70 ಕಿ.ಮೀ. ದೂರದ ಬೆಂಗಳೂರಿನಲ್ಲಿ 1972ರಲ್ಲಿ ಹುಟ್ಟಿದ ಸರ್ಕಾರಿ ಸ್ವಾಯತ್ತ ಸಂಸ್ಥೆ ಜಯದೇವ, ದೇವಿ ಶೆಟ್ಟಿ ಕಟ್ಟಿದ ನಾರಾಯಣ ಹೃದಯಾಲಯ, 2001ರಲ್ಲಿ ತೆರೆದ ವೈಟ್‌ಫೀಲ್ಡಿನ ಸತ್ಯಸಾಯಿ ಉಚಿತ ಆಸ್ಪತ್ರೆ ಇವೆ. ಜಯದೇವದ ನಿರ್ದೇಶಕರಾಗಿದ್ದ ಸಿ. ಎನ್. ಮಂಜುನಾಥ್ ಅಕ್ಯುರಾ ಬಲೂನಿನಿಂದ ಮೈಟ್ರಲ್ ಕವಾಟ ಹಿಗ್ಗಿಸುವ ಕ್ರಮವನ್ನು ರೂಪಿಸಿ ಹೆಸರಾದವರು. 2007ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹಾಲಿನ ಸಂಘಗಳು ಊರೂರಿಗೂ ಇರುವ ಈ ಸೀಮೆಯಲ್ಲಿ, ಸಹಕಾರ ಸಂಘದ ಸದಸ್ಯರಿಗಾಗಿ ಬಂದ ಯಶಸ್ವಿನಿ ಯೋಜನೆ ಮತ್ತು 2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಗಳು ದೊಡ್ಡ ಆಪರೇಷನ್ನನ್ನು ಬಡ ಮನೆಗಳಿಗೂ ಎಟುಕಿಸಿದವು. ಆಪರೇಷನ್ ನಗರದಲ್ಲಿ, ಆಮೇಲಿನ ಬದುಕು ಹಳ್ಳಿಯಲ್ಲಿ ಎಂಬ ಅಂತರ ಮಾತ್ರ ಉಳಿದಿದೆ.

ತೊಡೆಸಂದಿನ ದಾರಿಯ ತೊಡಕುಗಳು

ಇವುಗಳಲ್ಲಿ ಅತಿ ಭೀಕರವಾದದ್ದು ಮಹಾಪಧಮನಿಯ ಹಿಮ್ಮುಖ ಸೀಳು. ಸಹಜವಾಗಿ ರಕ್ತ ಹೃದಯದಿಂದ ಕಾಲಿನತ್ತ ಹರಿಯುತ್ತದೆ. ತೊಡೆಸಂದಿನ ಕೊಳವೆಯಿಂದ ಯಂತ್ರ ಅದನ್ನು ಕೆಳಗಿನಿಂದ ಮೇಲಕ್ಕೆ ತಳ್ಳುತ್ತದೆ. ಅಪಧಮನಿಯ ಗೋಡೆ ಬಾಳೆದಿಂಡಿನಂತೆ ಪದರ ಪದರ. ಕೊಳವೆಯ ತುದಿಯೋ ತಂತಿಯೋ ಒಳಪದರವನ್ನು ಗೀರಿದರೆ ರಕ್ತದ ಧಾರೆ ಪದರಗಳ ನಡುವೆ ನುಗ್ಗಿ, ಅವನ್ನು ಬಿಡಿಸುತ್ತ ಎದೆಯವರೆಗೂ ಏರಬಲ್ಲದು. ಯಂತ್ರದ ಕೊಳವೆಯಲ್ಲಿ ಒತ್ತಡ ದಿಢೀರನೆ ಏರುವುದು, ಅದೇ ಗಳಿಗೆಯಲ್ಲಿ ಕೈಯ ರಕ್ತದೊತ್ತಡ ಕುಸಿಯುವುದು, ಎಕೋದಲ್ಲಿ ನಾಳದೊಳಗೆ ತೆಳುಪೊರೆಯೊಂದು ತೂಗಾಡುವುದು ಇದರ ಲಕ್ಷಣಗಳು. ಯಂತ್ರವನ್ನು ತಕ್ಷಣ ನಿಲ್ಲಿಸಿ, ಕೊಳವೆಯನ್ನು ಕಂಕುಳಿನ ಅಪಧಮನಿಗೆ ಬದಲಿಸಿ, ಬೇಕಾದರೆ ಎದೆ ತೆರೆದು ಹಾನಿಗೊಂಡ ಮಹಾಪಧಮನಿಯನ್ನೇ ಬದಲಿಸಬೇಕಾಗುತ್ತದೆ. ಸುಣ್ಣಗಟ್ಟಿದ ಅಥವಾ ಸುರುಳಿಯಾದ ನಾಳಗಳಿರುವ ವೃದ್ಧರಲ್ಲಿ ಈ ಅಪಾಯ ಹೆಚ್ಚು. ಆದ್ದರಿಂದ ಮೊದಲೇ ಎದೆಯಿಂದ ತೊಡೆಯವರೆಗೆ ಸಿ.ಟಿ. ಸ್ಕ್ಯಾನ್ ತೆಗೆದು ದಾರಿ ನೋಡಿಕೊಳ್ಳುವ ಪದ್ಧತಿ ಬೆಳೆದಿದೆ.

ಕಿರಿಯ ರುಮ್ಯಾಟಿಕ್ ರೋಗಿಗಳಲ್ಲಿ ನಾಳ ಶುದ್ಧವಾಗಿರುತ್ತದೆ. ಆದರೆ ಸಣ್ಣ ಮೈಕಟ್ಟಿನ ಹೆಂಗಸರಲ್ಲಿ ತೊಡೆಯ ಅಪಧಮನಿ ತೆಳು. ಕೊಳವೆಯೇ ಅದನ್ನು ತುಂಬಿಬಿಟ್ಟರೆ ಕೆಳಗಿನ ಕಾಲಿಗೆ ರಕ್ತ ಸಾಲದು. ಗಂಟೆಗಳ ಮೇಲೆ ರಕ್ತ ಮರಳಿದಾಗ ಮೀನಖಂಡದ ಸ್ನಾಯು ಊದಿ ತನ್ನ ಹೊದಿಕೆಯೊಳಗೇ ಉಸಿರುಗಟ್ಟುತ್ತದೆ. ಕಾಲು ಕಲ್ಲಿನಷ್ಟು ಬಿಗಿಯಾಗುವುದು, ನೋವು ಹೊರಗಿನ ನೋಟಕ್ಕೆ ಮೀರಿರುವುದು, ಬೆರಳು ಅಲುಗಿಸಿದರೆ ಚೀರುವಂತಾಗುವುದು ಇದರ ಗುರುತು. ಪಾದದಲ್ಲಿ ನಾಡಿ ಸಿಕ್ಕಿತೆಂದು ಸಮಾಧಾನಪಡುವಂತಿಲ್ಲ. ಸುಮಾರು 6 ಗಂಟೆ ದಾಟಿದರೆ ಸ್ನಾಯು ಮರಳಿ ಬಾರದು. ಅದರ ಕರಗಿದ ಅಂಶ ಮೂತ್ರಪಿಂಡವನ್ನೂ ಕೆಡಿಸುತ್ತದೆ. ಸ್ನಾಯುವಿನ ಹೊದಿಕೆಯನ್ನು ಉದ್ದಕ್ಕೆ ಕೊಯ್ದು ಬಿಡುವುದೇ ಪರಿಹಾರ. ಇದನ್ನು ತಪ್ಪಿಸಲು ಕಾಲಿನ ಕೆಳಭಾಗಕ್ಕೆ ಪ್ರತ್ಯೇಕ ಸಣ್ಣ ಕೊಳವೆ ಇಡುವುದುಂಟು, ಚರ್ಮದ ಮೇಲಿನ ಸೆನ್ಸರಿನಿಂದ ಎರಡೂ ಕಾಲಿನ ಆಮ್ಲಜನಕವನ್ನು ಗಮನಿಸುವುದುಂಟು.

ಇವಕ್ಕಿಂತ ಸೌಮ್ಯವಾದದ್ದು ದುಗ್ಧರಸದ ಸೋರಿಕೆ. ಮನೆಗೆ ಬಂದ ಒಂದೆರಡು ವಾರಕ್ಕೆ ತೊಡೆಸಂದು ಮೆತ್ತಗೆ ಊದಿ ತಿಳಿನೀರು ಒಸರುತ್ತದೆ. ಕೀವೆಂದು ತಿಳಿದು ಕೊಯ್ದರೆ ಸೋಂಕಿಗೆ ಬಾಗಿಲು ತೆರೆದಂತೆ. ಹೆಚ್ಚಿನವು ಒತ್ತುಪಟ್ಟಿಗೆ ಬಗ್ಗುತ್ತವೆ. ಊತ ನಾಡಿಯೊಡನೆ ಮಿಡಿಯುತ್ತಿದ್ದರೆ ಅದು ಅಪಧಮನಿಯಿಂದ ಸೋರಿದ ರಕ್ತದ ಚೀಲ. ಡಾಪ್ಲರ್ ಪರೀಕ್ಷೆ ಆಗದೆ ಅದಕ್ಕೆ ಸೂಜಿ ತಾಗಿಸಬಾರದು.

ಶ್ವಾಸಕೋಶ, ವಪೆ, ಎದೆಗೋಡೆ

ಕುಗ್ಗಿಸಿದ ಬಲ ಶ್ವಾಸಕೋಶಕ್ಕೆ ಮತ್ತೆ ಗಾಳಿ ತುಂಬಿದ ಕೆಲವೇ ಗಂಟೆಗಳಲ್ಲಿ ಆ ಒಂದು ಬದಿಯಷ್ಟೇ ನೀರು ತುಂಬಿಕೊಳ್ಳುವುದು ಈ ವಿಧಾನಕ್ಕೇ ವಿಶಿಷ್ಟವಾದ ತೊಡಕು. ಉಸಿರುನಳಿಕೆಯಿಂದ ನಸುಗೆಂಪು ನೊರೆ ಉಕ್ಕುತ್ತದೆ. ಎಕ್ಸ್‌ರೇಯಲ್ಲಿ ಬಲಭಾಗ ಬೆಳ್ಳಗೆ, ಎಡಭಾಗ ಎಂದಿನಂತೆ. ಯಂತ್ರದ ಅವಧಿ ದೀರ್ಘವಾದಷ್ಟೂ, ಶ್ವಾಸಕೋಶದ ರಕ್ತದೊತ್ತಡ ಮೊದಲೇ ಹೆಚ್ಚಿದ್ದಷ್ಟೂ ಇದರ ಸಂಭವ ಹೆಚ್ಚು. ತಡವಾಗಿ ಬರುವ ನಮ್ಮ ಮೈಟ್ರಲ್ ರೋಗಿಗಳು ಈ ಎರಡನೆಯ ಗುಂಪಿಗೆ ಸೇರುತ್ತಾರೆ. ಸೌಮ್ಯವಾದದ್ದು ವೆಂಟಿಲೇಟರಿನ ಒತ್ತಡ ಹೊಂದಿಸಿದರೆ ಇಳಿಯುತ್ತದೆ. ತೀವ್ರವಾದರೆ ಎರಡು ಶ್ವಾಸಕೋಶಗಳಿಗೆ ಬೇರೆ ಬೇರೆ ವೆಂಟಿಲೇಟರ್ ಹಚ್ಚಬೇಕಾದೀತು, ದೇಹದ ಹೊರಗೆ ರಕ್ತಕ್ಕೆ ಆಮ್ಲಜನಕ ಸೇರಿಸುವ ಎಕ್ಮೋ ಯಂತ್ರದವರೆಗೂ ಹೋಗಬೇಕಾದೀತು.

ವಪೆಯನ್ನು ಆಡಿಸುವ ನರ ಹೃದಯದ ಹೊರಚೀಲದ ಮೇಲೆಯೇ ಇಳಿದು ಹೋಗುತ್ತದೆ. ಚೀಲ ತೆರೆಯುವಾಗ ಈ ನರಕ್ಕಿಂತ 2–3 ಸೆಂ.ಮೀ. ಮುಂದೆ ಕೊಯ್ಯುವುದು ನಿಯಮ. ಆದರೂ ಚೀಲವನ್ನು ಎಳೆದು ಕಟ್ಟುವ ಹೊಲಿಗೆಯಿಂದ ನರ ಜಗ್ಗಿಕೊಳ್ಳಬಹುದು. ರೋಗಿಗೆ ಕುಳಿತಾಗ ಹಾಯಾಗಿದ್ದು ಮಲಗಿದಾಗ ಉಸಿರು ಸಾಲದು. ಹೃದಯ ಸೋತಿದೆಯೆಂದು ನೀರಿನ ಮಾತ್ರೆ ಹೆಚ್ಚಿಸಿದರೆ ಪ್ರಯೋಜನವಾಗದು. ಎಕ್ಸ್‌ರೇಯಲ್ಲಿ ಬಲ ವಪೆ ಮೇಲೇರಿರುವುದೂ, ಅಲ್ಟ್ರಾಸೌಂಡಿನಲ್ಲಿ ಅದು ಉಸಿರಿಗೆ ತಕ್ಕಂತೆ ಇಳಿಯದಿರುವುದೂ ನಿಜ ಸಂಗತಿ ಹೇಳುತ್ತವೆ. ಬಹಳ ಮಂದಿ ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಉಳಿದವರಿಗೆ ವಪೆಯನ್ನು ಮಡಿಚಿ ಹೊಲಿಯುವ ಶಸ್ತ್ರಚಿಕಿತ್ಸೆಯಿದೆ.

ಕೊಯ್ತದ ಸಂದಿನಿಂದ ಶ್ವಾಸಕೋಶವೇ ಹೊರಕ್ಕೆ ಉಬ್ಬುವ ಹರ್ನಿಯಾ ತೀರ ಅಪರೂಪ. ಕೆಮ್ಮಿದಾಗ ಎದೆಯ ಬಲಬದಿಯಲ್ಲಿ ಮೆತ್ತನೆಯ ಗಂಟೊಂದು ಎದ್ದು ಮಾಯವಾಗುತ್ತದೆ. ಆಪರೇಷನ್ ಆಗಿ ತಿಂಗಳುಗಳ ಮೇಲೂ ಇದು ಬರಬಹುದು. ನೋವಿದ್ದರೆ ಅಥವಾ ಶ್ವಾಸಕೋಶ ಸಿಕ್ಕಿಕೊಳ್ಳುವಂತಿದ್ದರೆ ಬಲೆ ಇಟ್ಟು ಮುಚ್ಚುತ್ತಾರೆ.

ಕವಾಟದ ಸುತ್ತಲಿನ ತೊಡಕುಗಳು

ಹೃದಯದ ಒಳಗಣ ತೊಡಕುಗಳು ಎರಡೂ ವಿಧಾನಗಳಿಗೆ ಸಮಾನ. ಕಿರಿದಾದ ದಾರಿಯಲ್ಲಿ ಅವುಗಳನ್ನು ಎದುರಿಸುವುದು ಮಾತ್ರ ಕಷ್ಟ. ಮೈಟ್ರಲ್ ಕವಾಟದ ಹಿಂಬದಿಯ ಅಂಚಿಗೆ ಅಂಟಿದಂತೆ ಸರ್ಕಮ್‌ಫ್ಲೆಕ್ಸ್ ಎಂಬ ಹೃದಯನಾಳ ಸಾಗುತ್ತದೆ. ಕವಾಟದ ಬುಡಕ್ಕೆ ಉಂಗುರ ಹೊಲಿಯುವಾಗ ಒಂದು ಹೊಲಿಗೆ ಆಳಕ್ಕೆ ಹೋದರೆ ನಾಳ ಮುಚ್ಚಿ, ಯಂತ್ರ ಬಿಡಿಸುವ ಹೊತ್ತಿಗೆ ಹೃದಯಾಘಾತ. ಇ.ಸಿ.ಜಿ. ಬದಲಾವಣೆ ಕಂಡೊಡನೆ ಹೊಲಿಗೆ ಬಿಚ್ಚುವುದೋ ಸ್ಟೆಂಟ್ ಹಾಕುವುದೋ ಬೈಪಾಸ್ ಮಾಡುವುದೋ ತೀರ್ಮಾನವಾಗಬೇಕು. ಉಂಗುರದ ಜಾಗದಲ್ಲಿ ಸುಣ್ಣ ಗಡ್ಡೆಗಟ್ಟಿರುವ, ಸಣ್ಣ ಹೃದಯದ ವೃದ್ಧೆಯರಲ್ಲಿ ಹೃತ್ಕರ್ಣ–ಹೃತ್ಕುಕ್ಷಿಗಳ ನಡುವಿನ ಗೋಡೆಯೇ ಹರಿಯಬಹುದು. ಇದು ಅತ್ಯಪರೂಪವಾದರೂ ಬಹಳ ಸಲ ಪ್ರಾಣಾಂತಿಕ. ಕವಾಟದ ಹಿಂದಿನ ದಳವನ್ನು ಪೂರ್ತಿ ಕತ್ತರಿಸದೆ ಉಳಿಸಿಕೊಳ್ಳುವುದು ಇದರ ಮುಖ್ಯ ತಡೆ. ಇಂಥ ಗಳಿಗೆಗಳಲ್ಲಿ ಎದೆಮೂಳೆ ತೆರೆಯಲು ಹಿಂಜರಿಯಬಾರದು ಎಂಬುದರಲ್ಲಿ ತಜ್ಞರಿಗೆ ಎರಡು ಮಾತಿಲ್ಲ.

ಹೃದಯವನ್ನು ಕೈಯಿಂದ ಅಲುಗಿಸಿ ಗಾಳಿಗುಳ್ಳೆ ಹೊರದೂಡಲು ಇಲ್ಲಿ ಆಗುವುದಿಲ್ಲ. ಅದಕ್ಕಾಗಿ ಎದೆಯೊಳಗೆ ಇಂಗಾಲದ ಡೈಆಕ್ಸೈಡ್ ಹರಿಸುತ್ತಾರೆ; ಗುಳ್ಳೆ ಉಳಿದರೂ ಅದು ರಕ್ತದಲ್ಲಿ ಬೇಗ ಕರಗುತ್ತದೆ. ಉಳಿದ ಗಾಳಿ ಮಿದುಳಿಗೆ ಹೋದರೆ ಪಾರ್ಶ್ವವಾಯು, ಬಲ ಹೃದಯನಾಳಕ್ಕೆ ಹೋದರೆ ಹೃದಯದ ತಾತ್ಕಾಲಿಕ ಕುಸಿತ. ರಿಪೇರಿಯಾದ ಕವಾಟದ ಮುಂದಳ ಹೃದಯದ ಹೊರದಾರಿಗೆ ಅಡ್ಡ ಬರುವುದು ಇನ್ನೊಂದು ವೈಚಿತ್ರ್ಯ. ಇಲ್ಲಿ ಒತ್ತಡ ಏರಿಸುವ ಎಂದಿನ ಔಷಧಿಗಳಿಂದ ಸ್ಥಿತಿ ಕೆಡುತ್ತದೆ. ಅವನ್ನು ನಿಲ್ಲಿಸಿ, ದ್ರವ ಕೊಟ್ಟು, ಬಡಿತ ತಗ್ಗಿಸಿದರೆ ಸುಧಾರಿಸುತ್ತದೆ. ಹೊಸ ಕವಾಟದ ಅಂಚಿನಿಂದ ರಕ್ತ ಸೋರಿದರೆ ಕೆಂಪು ಕಣಗಳು ಒಡೆದು ರಕ್ತಹೀನತೆ, ಕಾಮಾಲೆ, ಕಡುಗಂದು ಮೂತ್ರ ಕಾಣುತ್ತವೆ. ಕಬ್ಬಿಣದ ಮಾತ್ರೆಗೆ ಬಗ್ಗದ ರಕ್ತಹೀನತೆ ಕವಾಟರೋಗಿಯಲ್ಲಿ ಎಕೋ ಕೇಳುತ್ತದೆ.

ಬಲೂನು ಮತ್ತು ಕ್ಯಾತಿಟರ್ ಕವಾಟ

ಬಲೂನು ಚಿಕಿತ್ಸೆಯಲ್ಲಿ ಹೃತ್ಕರ್ಣಗಳ ನಡುವಿನ ಗೋಡೆಯನ್ನು ಸೂಜಿಯಿಂದ ಚುಚ್ಚಿ ದಾಟುತ್ತಾರೆ. ಸೂಜಿ ದಾರಿ ತಪ್ಪಿದರೆ ಹೃದಯದ ಚೀಲದಲ್ಲಿ ರಕ್ತ ತುಂಬಿ ಬಡಿತವನ್ನೇ ಅದುಮುತ್ತದೆ. ಕವಾಟದ ದಳ ಬೆಸುಗೆಯ ಗೆರೆಯಲ್ಲಿ ಬಿಡದೆ ಬೇರೆಡೆ ಹರಿದರೆ ತೀವ್ರ ಸೋರಿಕೆಯಾಗಿ ಅಂದೇ ಆಪರೇಷನ್ ಬೇಕಾಗಬಹುದು. ಹೃತ್ಕರ್ಣದಲ್ಲಿ ಮೊದಲೇ ಇದ್ದ ಹೆಪ್ಪು ಕದಲಿದರೆ ಪಾರ್ಶ್ವವಾಯು. ಅದಕ್ಕಾಗಿಯೇ ಮುಂಚೆ ಅನ್ನನಾಳದ ಎಕೋ ಮಾಡಿ ಹೆಪ್ಪು ಹುಡುಕುವುದು. ಕ್ಯಾತಿಟರ್ ಮೂಲಕ ಮಹಾಪಧಮನಿ ಕವಾಟ ಕೂರಿಸುವಾಗ ವಿದ್ಯುತ್ ಸಂಚಾರಕ್ಕೆ ತಡೆಯಾಗಿ ಪೇಸ್‌ಮೇಕರ್ ಬೇಕಾಗುವುದು ಅಷ್ಟೇನೂ ವಿರಳವಲ್ಲ. ಹೃದಯನಾಳದ ಬಾಯಿ ಮುಚ್ಚುವುದು, ಕವಾಟದ ಬುಡ ಬಿರಿಯುವುದು, ಕವಾಟವೇ ಜಾರಿಹೋಗುವುದು ವಿರಳ. ಆದರೆ ನಿಮಿಷಗಳಲ್ಲಿ ಪ್ರಾಣಕ್ಕೆ ಎರವಾಗುವಂಥವು.

ಮನೆಗೆ ಮರಳಿದ ಮೇಲೆ

ಲೋಹ ಅಥವಾ ಇಂಗಾಲದ ಕವಾಟ ಹಾಕಿಸಿಕೊಂಡವರು ಜೀವನಪರ್ಯಂತ ರಕ್ತ ಹೆಪ್ಪುಗಟ್ಟದ ಮಾತ್ರೆ ತೆಗೆದುಕೊಳ್ಳಬೇಕು. ವಾರ್ಫರಿನ್ ಮತ್ತು ಅಸಿಟ್ರಾಮ್ ನಮ್ಮಲ್ಲಿ ಬಳಕೆಯಲ್ಲಿರುವವು. ಮೈಟ್ರಲ್ ಜಾಗದ ಕವಾಟಕ್ಕೆ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತನ್ನು ತೋರುವ ಐ.ಎನ್.ಆರ್. ಅಂಕಿ 2.5ರಿಂದ 3.5ರೊಳಗೆ ಇರಬೇಕು. ಇದು ಇಳಿದರೆ ಕವಾಟದ ಮೇಲೆ ಹೆಪ್ಪು ಕೂತು ಬಿಲ್ಲೆ ಅಲುಗದಂತಾಗುತ್ತದೆ. ರಾತ್ರಿಯ ನಿಶ್ಶಬ್ದದಲ್ಲಿ ಪಕ್ಕದಲ್ಲಿ ಮಲಗಿದವರಿಗೂ ಕೇಳುವ ಕವಾಟದ 'ಟಿಕ್ ಟಿಕ್' ಸದ್ದು ಮಂಕಾಗುವುದು ಅಥವಾ ನಿಲ್ಲುವುದು ಇದರ ಮೊದಲ ಸೂಚನೆಯಾಗಬಹುದು. ಜತೆಗೆ ಏದುಸಿರು ಬಂದರೆ ಅದು ಅದೇ ದಿನ ಆಸ್ಪತ್ರೆ ಸೇರಬೇಕಾದ ಸ್ಥಿತಿ. ಹೆಪ್ಪು ಕರಗಿಸುವ ಔಷಧಿಯೋ ಮರು ಆಪರೇಷನ್ನೋ ಜೀವ ಉಳಿಸುತ್ತದೆ.

ಐ.ಎನ್.ಆರ್. ಏರಿಳಿತಕ್ಕೆ ಊಟವೂ ಕಾರಣ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಮಾತ್ರೆಯ ವಿರುದ್ಧ ಕೆಲಸ ಮಾಡುತ್ತದೆ. ಕೋಲಾರದ ಕಡೆ ಮುದ್ದೆಯ ಜೊತೆ ಬಸ್ಸಾರು, ಮಸ್ಸೊಪ್ಪು ನಿತ್ಯದ ಅಡುಗೆ. ನುಗ್ಗೆ, ಹರಿವೆ, ಮೆಂತ್ಯ, ಪಾಲಕ್ ಸೊಪ್ಪುಗಳಲ್ಲಿ ವಿಟಮಿನ್ ಕೆ ಧಾರಾಳ. ಸೊಪ್ಪು ಬಿಡಬೇಕೆಂದೇನಿಲ್ಲ. ಮಳೆ ಬಂದಾಗ ವಾರವಿಡೀ ಸೊಪ್ಪು, ಆಮೇಲೆ ತಿಂಗಳು ಬರಿ ಬೇಳೆಸಾರು ಎಂದಾದರೆ ಮಾತ್ರೆಯ ಲೆಕ್ಕ ತಪ್ಪುತ್ತದೆ. ವಾರಕ್ಕೆ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿಂದು, ಅದಕ್ಕೆ ತಕ್ಕಂತೆ ಮಾತ್ರೆ ಹೊಂದಿಸಿಕೊಳ್ಳುವುದು ಸರಿಯಾದ ದಾರಿ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಐ.ಎನ್.ಆರ್. ಇಳಿಸುತ್ತದೆ. ಭೇದಿಗೆ ಕೊಡುವ ಮೆಟ್ರೊನಿಡಜೋಲ್ ಏರಿಸುತ್ತದೆ. ಅಂಗಡಿಯಿಂದ ತಾವೇ ತಂದು ನುಂಗುವ ಡೈಕ್ಲೊಫೆನಕ್‌ನಂಥ ನೋವಿನ ಮಾತ್ರೆ ಹೊಟ್ಟೆಯಲ್ಲಿ ರಕ್ತಸ್ರಾವ ತರಬಲ್ಲದು. ರುಮ್ಯಾಟಿಕ್ ಜ್ವರ ಮರುಕಳಿಸದಿರಲು 3ರಿಂದ 4 ವಾರಕ್ಕೊಮ್ಮೆ 12 ಲಕ್ಷ ಯೂನಿಟ್ ಪೆನಿಸಿಲಿನ್ ಚುಚ್ಚುವುದು ರೂಢಿ. ಇದನ್ನು ಆಪರೇಷನ್ ಆಯಿತೆಂದು ತಾವಾಗಿ ನಿಲ್ಲಿಸಬಾರದು. ಐ.ಎನ್.ಆರ್. ನೋಡದೆ ಪೃಷ್ಠಕ್ಕೆ ಚುಚ್ಚಿಸಿಕೊಂಡು ರಕ್ತಗಡ್ಡೆಯಾಗಿಸಿಕೊಳ್ಳುವುದೂ ಸಲ್ಲ. ಬಾಯಿಯ ಮೂಲಕ ಪೆನಿಸಿಲಿನ್ ಕೊಡುವ ಆಯ್ಕೆಯನ್ನು ವೈದ್ಯರು ಪರಿಶೀಲಿಸಬಹುದು. ಬಸಿರಾಗಬಯಸುವವರು ಮೊದಲೇ ವೈದ್ಯರಿಗೆ ಹೇಳಬೇಕು: ವಾರ್ಫರಿನ್ ಮೊದಲ ತಿಂಗಳುಗಳಲ್ಲಿ ಭ್ರೂಣಕ್ಕೆ ಹಾನಿ ಮಾಡಬಲ್ಲದು, ಮಾತ್ರೆ ಬಿಟ್ಟರೆ ತಾಯಿಯ ಕವಾಟ ಕಟ್ಟಬಲ್ಲದು.

ಹೊಸ ಕವಾಟಕ್ಕೆ ಸೋಂಕು ತಗಲುವುದು ಇನ್ನೊಂದು ತಡವಾದ ತೊಡಕು. ಕಾರಣ ತಿಳಿಯದ ಜ್ವರಕ್ಕೆ ಆಂಟಿಬಯಾಟಿಕ್ ಕೊಡುವ ಮುನ್ನ ರಕ್ತದ ಕಲ್ಚರ್ ಆಗಬೇಕು. ಮೊದಲು ಮಾತ್ರೆ ಬಿದ್ದರೆ ರೋಗಾಣು ಸಿಗುವುದಿಲ್ಲ. ದನಕರು ಸಾಕುವ ಸೀಮೆಯಲ್ಲಿ ಸಾಮಾನ್ಯ ಕಲ್ಚರಿನಲ್ಲಿ ಸುಲಭವಾಗಿ ಬೆಳೆಯದ ಬ್ರುಸೆಲ್ಲಾ, ಕ್ಯೂ ಜ್ವರದ ರೋಗಾಣುಗಳನ್ನೂ ನೆನಪಿಡಬೇಕು. ಕಂದು ಹಾಕಿದ ಹಸು, ಹಸಿ ಹಾಲಿನ ಸಂಪರ್ಕದ ಬಗ್ಗೆ ಕೇಳುವುದು ತನಿಖೆಯ ಭಾಗ. ಯುರೋಪಿನಲ್ಲಿ 2010ರ ದಶಕದಲ್ಲಿ ಬೆಳಕಿಗೆ ಬಂದ ಮೈಕೊಬ್ಯಾಕ್ಟೀರಿಯಂ ಕಿಮೇರಾ ಸೋಂಕು ಹೃದಯ ಶಸ್ತ್ರಚಿಕಿತ್ಸೆಯ ಶೀತ–ಉಷ್ಣ ಯಂತ್ರದ ನೀರಿನ ತುಂತುರಿನಿಂದ ಹರಡಿತ್ತು. ಆಪರೇಷನ್ನಾಗಿ ವರ್ಷಗಳ ಮೇಲೆ ಜ್ವರ, ತೂಕ ಇಳಿತವಾಗಿ ಕಾಣುವ ಅದನ್ನು ಕ್ಷಯವೆಂದೋ ಬೇರೆ ಕಾಯಿಲೆಯೆಂದೋ ಭ್ರಮಿಸುವುದು ಸುಲಭ. ಇದಕ್ಕೆ ವಿರುದ್ಧವಾಗಿ ಮೊದಲ ಕೆಲ ವಾರಗಳಲ್ಲಿ ಬರುವ ಜ್ವರ, ಉಸಿರೆಳೆದಾಗ ಎದೆನೋವು, ಹೃದಯದ ಚೀಲದಲ್ಲಿ ನೀರು ಸೋಂಕಿಲ್ಲದ ಉರಿಯೂತದಿಂದಲೂ ಆಗಬಹುದು. ನೀರು ಹೆಚ್ಚಾದರೆ ಮಾತ್ರ ತೆಗೆಯಬೇಕು.

ತಡೆ ಮತ್ತು ನಿಗಾ

ಸರಿಯಾದ ರೋಗಿಯ ಆಯ್ಕೆ ಮೊದಲ ತಡೆ. ತೊಡೆಯ ನಾಳ ಕೆಟ್ಟಿದ್ದರೆ, ಬಲ ಎದೆಯಲ್ಲಿ ಹಿಂದಿನ ಕ್ಷಯದಿಂದ ಅಂಟು ಉಳಿದಿದ್ದರೆ, ಕವಾಟದ ಸುತ್ತ ಸುಣ್ಣ ಹೆಚ್ಚಿದ್ದರೆ ದೊಡ್ಡ ಕೊಯ್ತವೇ ಸುರಕ್ಷಿತವಾಗಬಹುದು. ವೈದ್ಯ ತಂಡದ ಅನುಭವ ಎರಡನೆಯದು. ಈ ವಿಧಾನದ ಕಲಿಕೆಯ ಅವಧಿ ದೀರ್ಘ. ಮೂರನೆಯದು ಬಿಡುಗಡೆಯ ಚೀಟಿ. ಕೊಳವೆ ಯಾವ ಬದಿಯ ತೊಡೆಗೆ ಹಾಕಿದ್ದು, ಎದೆಯ ಯಾವ ಸಂದು ತೆರೆದದ್ದು, ಕವಾಟದ ಹೆಸರು ಮತ್ತು ಅಳತೆ, ಬೇಕಾದ ಐ.ಎನ್.ಆರ್. ಮಿತಿ, ಬಿಡುಗಡೆಯ ದಿನದ ಎಕೋದಲ್ಲಿ ಕಂಡ ಒತ್ತಡದ ಅಂಕಿ ಇವಿಷ್ಟೂ ಅದರಲ್ಲಿ ಸ್ಪಷ್ಟವಾಗಿ ಇರಬೇಕು. ಬಲ ಎದೆಯಲ್ಲಿ ಎರಡು ಅಂಗುಲದ ಗೆರೆ ಮಾತ್ರ ಕಾಣುವ ರೋಗಿಗೆ ಹೃದಯದ ಆಪರೇಷನ್ ಆಗಿದೆಯೆಂದು ಹೊರನೋಟಕ್ಕೆ ತಿಳಿಯದು. ಊದಿದ ಕಾಲಿಗೂ ಹೃದಯದ ಕವಾಟಕ್ಕೂ ಸಂಬಂಧವಿದೆಯೆಂದು ಊಹಿಸುವುದು ಇನ್ನೂ ಕಷ್ಟ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಆ ಚೀಟಿ ನೋಡಿ ತೊಡೆಸಂದು ಮುಟ್ಟಿ, ಕವಾಟದ ಸದ್ದು ಕೇಳಿ, ಬಲಬದಿಯ ಎಕ್ಸ್‌ರೇ ಗಮನಿಸಿದರೆ ಇಲ್ಲಿ ಹೇಳಿದ ತಡವಾದ ತೊಡಕುಗಳಲ್ಲಿ ಹೆಚ್ಚಿನವನ್ನು ಬೆಂಗಳೂರಿಗೆ ಕಳಿಸುವ ಮೊದಲೇ ಗುರುತಿಸಬಹುದು.